ಹೂ ತೊಳೆದ ನೀರು

2007ರ ಮಳೆಗಾಲ. ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಮದುವೆ, ಪಾಸ್‌ಪೋರ್ಟ್ ಸೈಜು ತೆಗೆದು ತೆಗೆದು ಸಾಕಾಗಿತ್ತು. ಆಗ ಗಣಿ ಕಂಪನಿಯೊಂದು ಕ್ಯಾಲೆಂಡರಿಗೆ ಸಂಡೂರು ಗುಡ್ಡದ ಚಿತ್ರ ಕೇಳಿತು. ಹಸಿರು ಗುಡ್ಡ, ಮುಂದೆ ಕಾಡುಹೂ, ಅಷ್ಟೇ. ಚಿತ್ರ ಒಪ್ಪಿಗೆಯಾದರೆ ವರ್ಷವಿಡೀ ಅವರ ಕೆಲಸವೆಲ್ಲ ನನಗೇ.

ಅದಿರು ಲಾರಿಗಳ ಹಿಂದೆ ಮೂರು ದಿನ ಬೈಕಿನಲ್ಲಿ ಅಲೆದೆ. ಗುಡ್ಡ ಹಸಿರಿದ್ದರೆ ಹೂವಿಲ್ಲ, ಹೂವಿದ್ದಲ್ಲಿ ಮೋಡ. ಕೊನೆಗೆ ಒಂದು ಇಳಿಜಾರಿನಲ್ಲಿ ನೀಲಿ ಹೂವಿನ ಪೊದೆ ಸಿಕ್ಕಿತು. ಆದರೆ ಎಸಳಿನ ತುಂಬ ಕೆಂಪು ಧೂಳು. ಮಳೆ ಬಂದು ತೊಳೆಯಲಿ ಎಂದು ಬೆಳಗಿನಿಂದ ಕಾದೆ. ಬಿದ್ದದ್ದು ನಾಲ್ಕೇ ಹನಿ. ಧೂಳು ಕೆಸರಾಗಿ ಇನ್ನಷ್ಟು ಮೆತ್ತಿಕೊಂಡಿತು. ಬೇಸರದಿಂದ ಅದನ್ನೇ ಒಮ್ಮೆ ಕ್ಲಿಕ್ಕಿಸಿ ಕಲ್ಲಿನ ಮೇಲೆ ಕೂತುಬಿಟ್ಟೆ.

ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದಳು. ಹೆಸರು ಹನುಮಕ್ಕ.

“ಬೆಳಗ್ಗಿಂದ ನೋಡಾಕತ್ತೀನಿ, ಏನ್ ಕಾಯಾಕತ್ತೀಯೋ ತಮ್ಮ?”

ಹೇಳಿದೆ. ಚಿತ್ರ ಯಾರಿಗೆ ಎಂದು ಕೇಳಿದಾಗ ಮಾತ್ರ, “ನನಗ ಯವ್ವಾ, ಒಂದು ಹುಚ್ಚು” ಎಂದೆ. ಗಣಿಯವರಿಗೆ ಎನ್ನಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಮೋಡ ಸರಿದು ಎದುರು ಗುಡ್ಡದ ಮೇಲೆ ಬಿಸಿಲು ಬಿತ್ತು. ಹನುಮಕ್ಕ ತನ್ನ ನೀರಿನ ಬಾಟಲಿ ತೆಗೆದು ಹೂವಿನ ಮೇಲೆ ಸುರಿಯತೊಡಗಿದಳು.

“ಬ್ಯಾಡ ಯವ್ವಾ, ನಿಮಗ ಕುಡ್ಯಾಕ?”

“ಹಳ್ಳದ ನೀರು ಕೆಂಪಗೈತಿ. ಸಂಜೀಕ ಮನಿಗೆ ಹೋಗಿ ಕುಡಿತೀನಿ. ನೀ ಜಲ್ದಿ ತಗಿ.”

ಸೆರಗಿನಿಂದ ಒಂದೊಂದೇ ಎಸಳು ಒರೆಸಿದಳು. ನಾಲ್ಕು ಚಿತ್ರ ತೆಗೆಯುವಷ್ಟರಲ್ಲಿ ಮತ್ತೆ ಮೋಡ ಮುಚ್ಚಿತು.

ಚಿತ್ರ ಒಪ್ಪಿಗೆಯಾಯಿತು. ಹೊಸ ವರ್ಷಕ್ಕೆ ಕ್ಯಾಲೆಂಡರ್ ಊರೂರು ಸೇರಿತು. ನಾನೊಂದು ದೊಡ್ಡ ಪ್ರತಿ ಮಾಡಿಸಿಕೊಂಡು ಹನುಮಕ್ಕನ ಮನೆ ಹುಡುಕಿ ಹೋದೆ. ಅವಳು ಅದನ್ನು ಬಿಚ್ಚಲೇ ಇಲ್ಲ.

“ನೋಡೀನಪ, ಅಂಗಡ್ಯಾಗ ಹಾಕ್ಯಾರ. ಗಣಿ ಇದ್ರೂ ಗುಡ್ಡ ಹಚ್ಚಗ ಐತಿ ಅಂತ ಕೆಳಗ ಬರ್ದಾರಂತ, ಓದಿ ಹೇಳಿದ್ರು. ನಾ ನೀರು ಹಾಕಿದ್ದು ಬರ್ದಿಲ್ಲೇನು?”

ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದಳು. “ಬಿಸ್ಲಾಗ ಬಂದೀ, ಕುಂದ್ರು” ಎಂದು ಒಂದು ಚೆಂಬು ನೀರು ತಂದುಕೊಟ್ಟಳು.

ಆ ಕಂಪನಿಯ ಕೆಲಸ ಎರಡು ವರ್ಷ ಮಾಡಿದೆ, ಸುಳ್ಳು ಹೇಳುವುದಿಲ್ಲ. ಈಗ ನನ್ನ ಸ್ಟುಡಿಯೋದ ಗೋಡೆಯ ಮೇಲಿರುವುದು ಅವತ್ತು ಬೇಸರದಿಂದ ತೆಗೆದ, ಕೆಸರು ಮೆತ್ತಿದ ಹೂವಿನ ಚಿತ್ರ. ಇದ್ಯಾಕೆ ಹೀಗಿದೆ ಎಂದು ಗಿರಾಕಿಗಳು ಕೇಳುತ್ತಾರೆ. ಇನ್ನೂ ಯಾರೂ ನೀರು ಹಾಕಿಲ್ಲ ಎನ್ನುತ್ತೇನೆ.