ನಾಲ್ಕು ಜನ, ಎಂಟು ಮೈಕು

ದೆಹಲಿಯ ಲಕ್ಷ್ಮೀ ನಗರದಲ್ಲಿ ನಮ್ಮದು ಮೂರನೆಯ ಮಹಡಿ. ಹಿಂದಿನ ಕೋಣೆಗೆ ಕಿಟಕಿಯಿಲ್ಲ, ಆದ್ದರಿಂದಲೇ ಅದು ನನ್ನ ಸ್ಟುಡಿಯೋ ಆಯಿತು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅನುವಾದಕನಾಗಿದ್ದು ನಿವೃತ್ತನಾದ ಮೇಲೆ ಗೋಡೆಗಳಿಗೆ ಹಳೆಯ ರಜಾಯಿಗಳನ್ನು ಹೊಡೆದು, ನೆಲಕ್ಕೆ ದಪ್ಪ ಜಮಖಾನ ಹಾಸಿ, ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಸುತ್ತಲಿನ ಕೋಚಿಂಗ್ ಸೆಂಟರುಗಳ ಮಾಸ್ತರರು ಬಂದು ಪಾಠಗಳನ್ನು ರೆಕಾರ್ಡ್ ಮಾಡಿಸಿಕೊಂಡು ಹೋಗುತ್ತಿದ್ದರು. ಒಬ್ಬ ಮಾಸ್ತರು, ಒಂದು ಮೈಕು. ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಪುಟ್ಟ ಪೆಟ್ಟಿಗೆಗೆ ಆಡಿಯೋ ಇಂಟರ್ಫೇಸ್ ಎನ್ನುತ್ತಾರೆ. ನನ್ನದರಲ್ಲಿ ಎರಡು ಮೈಕು ಸಿಕ್ಕಿಸಲು ಜಾಗವಿತ್ತು. ಎರಡನೆಯದನ್ನು ಬಳಸಿದ ನೆನಪಿಲ್ಲ.

ಹೊಸ ಪೆಟ್ಟಿಗೆ ಬೇಕಾದದ್ದು ಕೊಡಗಿನ ಒಬ್ಬ ಸುಬೇದಾರರಿಂದ. ಸೇನೆಯಿಂದ ನಿವೃತ್ತರಾಗಿ ರೋಹಿಣಿ ಬಡಾವಣೆಯಲ್ಲಿ ನೆಲೆಸಿದ್ದವರು. ದೆಹಲಿಯ ಕೊಡವರ ಮದುವೆಗಳಲ್ಲಿ ದುಡಿ ಬಡಿಯುತ್ತ ಹಾಡುವ ನಾಲ್ವರಲ್ಲಿ ಅವರೂ ಒಬ್ಬರು. ದುಡಿ ಎಂದರೆ ಎಡಗೈಯಲ್ಲಿ ಹಿಡಿದು ಸಣ್ಣ ಕೋಲಿನಿಂದ ನುಡಿಸುವ, ನಡು ಸಣ್ಣಗಿರುವ ಚರ್ಮವಾದ್ಯ. ಉಳಿದ ಮೂವರೂ ಸೇನೆಯಲ್ಲಿದ್ದವರೇ. ಸುಬೇದಾರರ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡಿತ್ತು. ತೆಗೆದ ಮೇಲೆ ದನಿ ಹೇಗಿರುತ್ತದೆಂದು ಹೇಳಲಾಗದು ಎಂದು ವೈದ್ಯರು ಹೇಳಿದ್ದರು. ಅವರ ಮಗಳು ನನ್ನ ಹೆಂಡತಿಯ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದಳು. ವಿಷಯ ನನ್ನವರೆಗೆ ಬಂದದ್ದು ಆ ದಾರಿಯಿಂದ.

"ಅಂಕಲ್, ಆಪರೇಷನ್‌ಗೆ ಮುಂಚೆ ಪಪ್ಪಾದು ಒಂದ್ಸಲ ರೆಕಾರ್ಡ್ ಮಾಡಬೇಕು. ಮತ್‌ಲಬ್, ಫೋನಲ್ಲಿ ಅಲ್ಲ, ಸರಿಯಾಗಿ," ಎಂದಳು.

ನನಗೆ ಅದು ಸುಲಭದ ಕೆಲಸವೆನಿಸಿತು. ಸಿನಿಮಾ ಹಾಡುಗಳನ್ನು ಹಾಗೆಯೇ ಮಾಡುತ್ತಾರೆ: ಒಬ್ಬೊಬ್ಬರನ್ನೇ ಕರೆದು, ಹೆಡ್‌ಫೋನಿನಲ್ಲಿ ಉಳಿದವರದನ್ನು ಕೇಳಿಸುತ್ತ ಹಾಡಿಸಿ, ಕೊನೆಗೆ ಎಲ್ಲವನ್ನೂ ಕೂಡಿಸುವುದು. ಅದಕ್ಕೆ ನನ್ನ ಹಳೆಯ ಪೆಟ್ಟಿಗೆಯೇ ಸಾಕು. ಮೊದಲು ಸುಬೇದಾರರನ್ನೇ ಕೂರಿಸಿದೆ. ಜೂನ್ ತಿಂಗಳು, ಸದ್ದಾಗುತ್ತದೆಂದು ಫ್ಯಾನು, ಎಸಿ ಎರಡನ್ನೂ ಆರಿಸಿದ್ದೆ. ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತು, ಒಂದು ಸಾಲು ಹಾಡಿ ನಿಲ್ಲಿಸಿದರು. ಇನ್ನೊಮ್ಮೆ ಹಾಡಿ, ಅಲ್ಲೇ ನಿಲ್ಲಿಸಿದರು. ಆಮೇಲೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇಬ್ಬರು ಹಾಡಿದ್ದನ್ನ ಇನ್ನಿಬ್ಬರು ಹೇಳ್ಬೇಕು. ನಾನು ಹೇಳಿ ಮುಗಿಸಿದೆ. ಈಗ ಯಾರು ಹೇಳೋದು? ನನಗೆ ಅವರ ಬಾಯಿ ಕಾಣ್ಬೇಕಪ್ಪ," ಎಂದರು.

ಮುಂದಿನ ವಾರ ಹಾಡಿನ ಜೊತೆಗಾರರೊಬ್ಬರನ್ನು ಕರೆತಂದರು. ಅದೂ ಸರಿಹೋಗಲಿಲ್ಲ. ಇಬ್ಬರೂ ಒಂದೇ ಜೋಡಿಯವರು. ಎದುರು ಜೋಡಿಯಿಲ್ಲದೆ ಹಾಡು ಮುಂದಕ್ಕೆ ಹೋಗುತ್ತಿರಲಿಲ್ಲ. ಜೊತೆಗೆ ಆ ಚಿಕ್ಕ ಕೋಣೆಯಲ್ಲಿ ದುಡಿಯ ಪೆಟ್ಟು ಅವರ ಮಾತುಗಳನ್ನು ನುಂಗಿಹಾಕುತ್ತಿತ್ತು. ದನಿಗೊಂದು, ದುಡಿಗೊಂದು ಎಂದು ಬೇರೆಬೇರೆ ಮೈಕು ಇಟ್ಟರೆ ಮಾತ್ರ ಆಮೇಲೆ ಎರಡನ್ನೂ ಹದಕ್ಕೆ ತರಬಹುದು. ನಾಲ್ಕು ದನಿ, ನಾಲ್ಕು ದುಡಿ, ಎಲ್ಲವೂ ಒಂದೇ ಸಲಕ್ಕೆ. ಅಂದರೆ ಎಂಟು ಮೈಕಿನ ಪೆಟ್ಟಿಗೆ.

ಹೆಂಡತಿ ಬೇಡವೆನ್ನಲಿಲ್ಲ. ಮಾಸ್ತರರಿಗೆ ಎಂಟು ಬಾಯಿ ಬರುವುದಿಲ್ಲವಲ್ಲ ಎಂದಷ್ಟೇ ಅಂದಳು.

ಕರೋಲ್ ಬಾಗ್‌ನ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಗಾಜಿನ ಕಪಾಟಿನಿಂದ ಒಂದು ಕೆಂಪು ಪೆಟ್ಟಿಗೆ ತೆಗೆದು, ಇದರಲ್ಲಿ ಹದಿನೆಂಟು ಚಾನೆಲ್ ಇದೆ, ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಎಂದು ಹಿಂದಿಯಲ್ಲಿ ಹೇಳಿದ. ಪೆಟ್ಟಿಗೆಯನ್ನು ಎಲ್ಲ ಕಡೆ ತಿರುಗಿಸಿ ನೋಡಿದೆ. ಮೈಕನ್ನು ನೇರವಾಗಿ ಸಿಕ್ಕಿಸುವ ಜಾಗಗಳಿದ್ದದ್ದು ನಾಲ್ಕು. ಮಿಕ್ಕವು ಕೀಬೋರ್ಡಿನಂಥ ವಾದ್ಯಗಳಿಗೆ, ಇಲ್ಲವೇ ಇನ್ನೊಂದು ಪೆಟ್ಟಿಗೆಯನ್ನು ತಂದು ಜೋಡಿಸುವುದಕ್ಕೆ. ಅದನ್ನು ತೋರಿಸಿದಾಗ ಅವನಿಗೆ ಬೇಸರವೇನೂ ಆಗಲಿಲ್ಲ. "ಬಾಕಿ ಬಾದ್ ಮೇ ಜೋಡ್ ಲೇನಾ, ಸರ್," ಎಂದ. ಆಪರೇಷನ್ನಿನ ದಿನ ಗೊತ್ತಾಗಿತ್ತು. ಆಮೇಲೆ ಜೋಡಿಸಿಕೊಳ್ಳುವುದಕ್ಕೆ ನನಗೆ ಆಮೇಲೆ ಎಂಬುದು ಇರಲಿಲ್ಲ.

ರೋಹಿಣಿಯಲ್ಲಿ ಭಜನೆ ತಂಡವೊಂದರ ಕೀಬೋರ್ಡ್ ವಾದಕ ತನ್ನ ಸಾಮಾನುಗಳನ್ನು ಮಾರುತ್ತಿದ್ದಾನೆಂದು ತಿಳಿದು ಅಲ್ಲಿಗೂ ಹೋದೆ. ಅವನ ಬಳಿ ಇದ್ದದ್ದು ಕಬ್ಬಿಣದ ಭಾರದ ಹಳೆಯ ಪೆಟ್ಟಿಗೆ. ನಿಜವಾಗಿಯೂ ಎಂಟು ಮೈಕು ಹಿಡಿಯುತ್ತಿತ್ತು. ಕೇಳಿದಾಗ ದನಿಯೂ ತುಂಬಿಕೊಂಡು ಬಂತು. ಇವತ್ತಿಗೂ ಹೇಳುತ್ತೇನೆ, ನಾನು ನೋಡಿದವುಗಳಲ್ಲಿ ಅದೇ ಒಳ್ಳೆಯದು. ಆದರೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ತಂತಿ ಹಳೆಯ ಕಾಲದ್ದು, ನನ್ನ ಕಂಪ್ಯೂಟರಿನಲ್ಲಿ ಅದಕ್ಕೆ ಕಿಂಡಿಯೇ ಇಲ್ಲ. ಒಂದಕ್ಕೊಂದು ಪೋಣಿಸುವ ಸಣ್ಣ ತುಂಡುಗಳ ಮೂಲಕ ಹೊಂದಿಸಬಹುದು ಎಂದು ಅವನು ಹೇಳಿದ. ಹೊಂದಿಸಿಯೂ ತೋರಿಸಿದ. ನಡೆಯುತ್ತಲೇ ಇದ್ದದ್ದು ಒಮ್ಮೆ ಸುಮ್ಮನೆ ನಿಂತಿತು, ಮತ್ತೆ ನಡೆಯಿತು. ಮಾಸ್ತರರ ಪಾಠವಾದರೆ ಇನ್ನೊಮ್ಮೆ ಹೇಳಿಸಬಹುದು. ಸುಬೇದಾರರ ಗಂಟಲನ್ನು ಹಾಗೆ ನಂಬಿಕೊಂಡು ಕೂರುವಂತಿರಲಿಲ್ಲ. ಅವನಿಗೆ ಥ್ಯಾಂಕ್ಸ್ ಹೇಳಿ ಮೆಟ್ರೋ ಹತ್ತಿದೆ.

ಕೊನೆಗೆ ಮತ್ತೆ ಕರೋಲ್ ಬಾಗ್‌ಗೆ ಹೋಗಿ ಅದೇ ಅಂಗಡಿಯ ಕೆಳಗಿನ ಸಾಲಿನಲ್ಲಿದ್ದ ಬೂದು ಬಣ್ಣದ ಪೆಟ್ಟಿಗೆಯನ್ನು ಕೊಂಡೆ. ಎಂಟು ಮೈಕಿಗೆ ಎಂಟು ಜಾಗ, ಸಾಧಾರಣ ತಂತಿ, ಅಷ್ಟೇ. ಹಾಡುವವರಿಗೆಲ್ಲ ಬೇರೆಬೇರೆ ಹೆಡ್‌ಫೋನ್ ಕೊಡುವ ವ್ಯವಸ್ಥೆ ಅದರಲ್ಲಿಲ್ಲ ಎಂದು ಅಂಗಡಿಯವನೇ ಎಚ್ಚರಿಸಿದ. ನನ್ನ ಗಾಯಕರು ಹೆಡ್‌ಫೋನ್ ಹಾಕುವವರಲ್ಲ ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಅಚ್ಛಾ ಎಂದು ಬಿಲ್ ಬರೆದ. ಬೇಕಾದ ಮೈಕುಗಳನ್ನು ಮದುವೆ ಮನೆಗಳಿಗೆ ಸೌಂಡ್ ಹಾಕುವ ಪರಿಚಯದವನಿಂದ ಬಾಡಿಗೆಗೆ ತಂದೆ.

ಭಾನುವಾರ ಬೆಳಿಗ್ಗೆ ಕೋಚಿಂಗ್ ಸೆಂಟರುಗಳು ತೆರೆಯುವ ಮೊದಲು ನಾಲ್ವರೂ ಬಂದರು. ಕೋಣೆಯಲ್ಲಿದ್ದ ಮಂಚವನ್ನು ಹೊರಗೆ ಹಾಕಿದ್ದೆ. ಇಬ್ಬರಿಗೆ ಇಬ್ಬರು ಎದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತರು. ಮೈಕಿನ ಕಂಬಗಳ ನಡುವೆ ಅವರನ್ನು ದಾಟಿ ಹೋಗಲು ನನಗೆ ಜಾಗವಿರಲಿಲ್ಲ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತೆ. ತಮ್ಮತಮ್ಮಲ್ಲಿ ಕೊಡವ ಭಾಷೆಯಲ್ಲಿ ಏನೋ ಮಾತಾಡಿಕೊಂಡು, ನಕ್ಕು, ಶುರುಮಾಡಿದರು. ಮೊದಲ ಸಲ ಇನ್‌ವರ್ಟರಿನ ಗುಂಯ್ ಸದ್ದು ಸೇರಿಕೊಂಡಿದೆಯೆಂದು ನಾನೇ ನಿಲ್ಲಿಸಿದೆ. ಎರಡನೆಯ ಸಲ ಯಾರೂ ನಿಲ್ಲಿಸಲಿಲ್ಲ. ಒಂದು ಜೋಡಿ ಸಾಲನ್ನು ಎತ್ತಿಕೊಡುತ್ತಿತ್ತು, ಇನ್ನೊಂದು ಜೋಡಿ ಅದನ್ನು ಹಿಡಿಯುತ್ತಿತ್ತು. ಶರ್ಟುಗಳು ಬೆನ್ನಿಗೆ ಅಂಟಿದವು. ಸುಬೇದಾರರ ದನಿ ಎರಡು ಕಡೆ ಒಡೆಯಿತು, ಅವರು ಅದನ್ನು ಲೆಕ್ಕಿಸಲಿಲ್ಲ. ಪರದೆಯ ಮೇಲೆ ಎಂಟು ಗೆರೆಗಳು ಏಳುತ್ತ ಬೀಳುತ್ತ ಹೋಗುವುದನ್ನು ನೋಡುತ್ತ ಕುಳಿತಿದ್ದೆ. ಹಾಡಿನ ಅರ್ಥ ನನಗೆ ಅಲ್ಲಲ್ಲಿ ಮಾತ್ರ ಆಗುತ್ತಿತ್ತು.

ಮುಗಿದ ಮೇಲೆ ಕೇಳಿಸಲೇ ಎಂದು ವಿಚಾರಿಸಿದೆ. "ನಾವೇ ಹಾಡಿದ್ದಲ್ವಾ," ಎಂದು ಸುಬೇದಾರರು ನೀರು ಕೇಳಿದರು.

ಆಪರೇಷನ್ ಆಯಿತು. ಗಂಟು ಅಪಾಯದ್ದಲ್ಲ ಎಂದು ತಿಳಿಯಿತು. ದನಿ ಮಾತ್ರ ಪಿಸುಮಾತಿನ ಮಟ್ಟದಿಂದ ಮೇಲೇಳಲಿಲ್ಲ. ಚಳಿಗಾಲ ಬಂದಾಗ ಮಗಳು ಮತ್ತೆ ನಮ್ಮ ಮನೆಗೆ ಬಂದಳು. ತಂದೆಯ ಹಾಡಿನ ಪ್ರತಿಗೆಂದು ಬಂದಿರಬೇಕೆಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಪಪ್ಪಾನ ಆವಾಜ್ ತೆಗೆದು ಕೊಡ್ತೀರಾ? ದುಡಿ ಇರ್ಲಿ. ಉಳಿದ ಮೂರು ಜನರದ್ದೂ ಇರ್ಲಿ. ಆ ಜಾಗದಲ್ಲಿ ನಾನು ಪ್ರಾಕ್ಟೀಸ್ ಮಾಡ್ಬೇಕು."

ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡವನ್ನು ಕಚೇರಿಯಲ್ಲಿ ನನ್ನ ಹೆಂಡತಿಯೊಡನೆ ಆಡಿ ಆಡಿ ರೂಢಿಸಿಕೊಂಡಿದ್ದಳು. ಮನೆಯ ಕೊಡವ ಭಾಷೆ ಅವಳಿಗೆ ಅರ್ಥವಾಗುತ್ತಿತ್ತು, ಆಡಲು ಹೋದರೆ ಹಿಂದಿ ಬರುತ್ತಿತ್ತು. ಅಪ್ಪನಿಗೆ ಇದು ಗೊತ್ತೇ ಎಂದು ಕೇಳಿದೆ. ಸಾಲುಗಳನ್ನು ಅವರೇ ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದಾರೆ, ಆದರೆ ರಾಗ ಎಳೆದು ತೋರಿಸಲಾಗುವುದಿಲ್ಲ ಎಂದಳು.

ಸುಬೇದಾರರ ದನಿಯ ಗೆರೆಯನ್ನು ಮುಚ್ಚಿ ಹಾಡು ಹಾಕಿದೆ. ಪೂರ್ತಿ ಹೋಗಿರಲಿಲ್ಲ. ಅಷ್ಟು ಹತ್ತಿರ ಕುಳಿತಿದ್ದರಿಂದ ಪಕ್ಕದವರ, ಎದುರಿನವರ ಮೈಕುಗಳಿಗೂ ಅವರ ದನಿ ಬಿದ್ದಿತ್ತು. ಗೋಡೆಯಾಚೆಯ ಮನೆಯಲ್ಲಿ ಯಾರೋ ಹಾಡಿದ ಹಾಗೆ ಕೇಳುತ್ತಿತ್ತು. ಇದನ್ನು ಇನ್ನೂ ಕಡಿಮೆ ಮಾಡಲು ನೋಡುತ್ತೇನೆ, ಎರಡು ದಿನ ಕೊಡು ಎಂದೆ.

ಅವಳು ಇನ್ನೊಮ್ಮೆ ಹಾಕಿಸಿ ಕೇಳಿದಳು. "ಬೇಡ ಅಂಕಲ್. ಇಷ್ಟು ಇರ್ಲಿ," ಎಂದಳು.

ಫೆಬ್ರವರಿಯಲ್ಲಿ ಗುರುಗ್ರಾಮದ ಹಾಲೊಂದರಲ್ಲಿ ಕೊಡವರ ಮದುವೆ. ನಮಗೂ ಕರೆಯಿತ್ತು. ಹೆಣ್ಣುಮಗಳು ಹಾಡುವುದುಂಟೇ ಎಂದು ಹಿರಿಯರೊಬ್ಬರು ಕೇಳಿದರಂತೆ. ಹಾಗಾದರೆ ನಾವು ಮೂವರೇ ಹಾಡುತ್ತೇವೆ, ಒಂದು ಜೋಡಿ ಕುಂಟುತ್ತದೆ, ಆಗಬಹುದೇ ಎಂದು ಹಾಡುಗಾರರಲ್ಲಿ ಹಿರಿಯರಾದವರು ಕೇಳಿದರಂತೆ. ಅಲ್ಲಿಗೆ ಆ ಮಾತು ನಿಂತಿತು. ಅವಳು ತಂದೆಯ ಜಾಗದಲ್ಲಿ ಕುಳಿತು ಹಾಡಿದಳು. ತಂದೆ ಹಿಂದೆ ಕುರ್ಚಿ ಹಾಕಿಕೊಂಡು ಅವಳ ಪಾಲಿನ ದುಡಿ ಬಡಿದರು. ಮಧ್ಯೆ ಅವಳು ಒಂದು ಸಾಲು ಮರೆತಳು. ಸುಬೇದಾರರು ಪೆಟ್ಟು ತಪ್ಪಿಸದೆ ಮುಂದಕ್ಕೆ ಬಾಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಎದುರು ಜೋಡಿ ತನ್ನ ಹಿಂದಿನ ಸಾಲನ್ನೇ ಇನ್ನೊಮ್ಮೆ ಹೇಳಿ ಕಾಯಿತು. ಅವಳು ಹಿಡಿದುಕೊಂಡಳು.

ಊಟದ ಸಾಲು ಆಗಲೇ ಬಾಗಿಲವರೆಗೆ ಬಂದಿತ್ತು. ಹಾಡು ಮುಗಿಯುವವರೆಗೆ ಕೂತಿದ್ದು, ನಾನೂ ಹೆಂಡತಿಯೂ ಎದ್ದು ಅದರ ತುದಿಗೆ ಹೋಗಿ ನಿಂತೆವು.