ಒಂದು ತುತ್ತಿಗೆ ಎದ್ದ ತೀರ್ಪುಗಾರ

ಬನಹಟ್ಟಿಯಲ್ಲಿ ಟಿವಿಯವರು ನಡೆಸಿದ ಜೋಡಿ ಅಡುಗೆ ಸ್ಪರ್ಧೆಗೆ ನಾನು ತೀರ್ಪುಗಾರ. ಮೊದಲ ಜೋಡಿ ತೇರದಾಳದ ಅಕ್ಕ, ಬೀಳಗಿಯ ಹುಡುಗಿ. ಒಲೆ ಹಚ್ಚಿದಾಗಿನಿಂದ ಜಗಳ. ಅಕ್ಕ ಬದನೆಕಾಯಿ ಪಲ್ಯಕ್ಕೆ ಬೆಲ್ಲ ಹಾಕಿದರೆ, ಹುಡುಗಿ ಅದನ್ನು ಸೌಟಿನಿಂದ ಎತ್ತಿ ಹೊರಗಿಟ್ಟಳು. ಆಮೇಲೆ ಮಾತೇ ಬಿಟ್ಟರು. ಹೊಂದಾಣಿಕೆಗೆ ಸೊನ್ನೆ ಎಂದುಕೊಂಡು, ಒಂದು ತುತ್ತು ರುಚಿ ನೋಡಿ ಎದ್ದೆ.

"ಒಂದ ತುತ್ತಿಗೆ ಎದ್ರ ಹೆಂಗ್ರಿ? ಅಡಗಿ ಛಲೋ ಆಗಿಲ್ಲೇನ್ರಿ?" ಅಕ್ಕ ಅಡ್ಡ ನಿಂತರು.

"ಕುಂದರ್ರಿ ಸರ, ರೊಟ್ಟಿ ಬಿಸಿ ಐತಿ," ಎಂದು ಹುಡುಗಿ ಕುರ್ಚಿ ಎಳೆದಳು.

ಬೇಡವೆಂದು ತಟ್ಟೆಗೆ ಅಡ್ಡ ಹಿಡಿದ ನನ್ನ ಕೈಯನ್ನು ಹುಡುಗಿ ಸರಿಸಿದಳು, ಅಕ್ಕ ಬಡಿಸಿದರು. ಇಂಥ ಹೊಂದಾಣಿಕೆ ಎಲ್ಲೂ ಕಂಡಿಲ್ಲ. ಪೂರ್ತಿ ಅಂಕ ಕೊಟ್ಟೆ.

ತಲೆ ಎತ್ತಿದರೆ, ಉಳಿದ ಜೋಡಿಗಳೆಲ್ಲ ನನಗೊಂದೊಂದು ಕುರ್ಚಿ ಹಾಕಿ, ತಟ್ಟೆ ತುಂಬಿಸಿಕೊಂಡು ಕಾಯುತ್ತಿದ್ದರು.