ಹಲ್ಲಿನ ಗುರುತು ಓದುವ ವೈರಕ್ಕ

ಬೆಳಗಿನ ಆರೂಕಾಲು. ಬೀದಿ ದೀಪಗಳು ಇನ್ನೂ ಆರಿಲ್ಲ. ಹಲ್ಲಿನ ಡಾಕ್ಟರಮ್ಮನ ಮನೆಯ ಪೋರ್ಟಿಕೋದಲ್ಲಿ ಬೂದು ಬಣ್ಣದ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಅದರೊಳಗೆ ಸೊಂಟದವರೆಗೂ ಬಗ್ಗಿರುವ ಹೆಂಗಸಿನ ಬೆನ್ನು, ಹಿಮ್ಮಡಿ ಸವೆದ ಚಪ್ಪಲಿ ಇಷ್ಟು ಮಾತ್ರ ಹೊರಗಿನವರಿಗೆ ಕಾಣುತ್ತವೆ. ಬಾಯಲ್ಲಿ ಪುಟ್ಟ ಟಾರ್ಚು ಕಚ್ಚಿಕೊಂಡಿರುವುದರಿಂದ ಮಾತಿಲ್ಲ. ಗೇಟಿನಾಚೆ ಒಬ್ಬ ನಿಂತಿದ್ದಾನೆ. ಹದಿನಾಲ್ಕು ವರ್ಷ ಇದೇ ಕಾರು ಓಡಿಸಿದ ಡ್ರೈವರ್. ಒಳಗೆ ಬರುವ ಅಪ್ಪಣೆ ಅವನಿಗೆ ಇವತ್ತು ಇಲ್ಲ.

ಬಗ್ಗಿರುವವಳಿಗೆ ಸುತ್ತಲಿನ ಗ್ಯಾರೇಜುಗಳು, ಟ್ಯಾಕ್ಸಿ ಸ್ಟ್ಯಾಂಡುಗಳು ಎಲ್ಲ ಸೇರಿ ಇಟ್ಟ ಹೆಸರು ‘ವೈರಕ್ಕ’. ವಯಸ್ಸು ನಲವತ್ತಮೂರು. ಇಲಿ ಕಡಿದ ಕಾರಿನ ವೈರುಗಳನ್ನು ಹುಡುಕಿ ಜೋಡಿಸುವುದೊಂದೇ ಅವಳ ಕಸುಬು. ಬ್ರೇಕು, ಗೇರು, ಟೈರಿನ ತಂಟೆಗೆ ಹೋಗುವುದಿಲ್ಲ. ‘ಗಾಡಿ ಸ್ಟಾರ್ಟ್ ಆಗ್ತಿಲ್ಲ, ಇಲಿ ಇರಬೇಕು’ ಎಂದು ಫೋನ್ ಬಂದರೆ ಸ್ಕೂಟರಿನ ಮುಂದೆ ಸಾಮಾನಿನ ಡಬ್ಬಿ ಇಟ್ಟುಕೊಂಡು ಹೊರಟುಬಿಡುತ್ತಾಳೆ. ಇಂಜಿನ್ ತಣ್ಣಗಿರುವ ಹೊತ್ತಿನಲ್ಲೇ ಕೈ ಹಾಕಬೇಕು ಎಂದು ಬೆಳಗಿನ ಜಾವವನ್ನೇ ಆರಿಸಿಕೊಂಡಿದ್ದಾಳೆ.

“ನಂಗೆ ಮೊದಲು ಮೂಗು, ಆಮೇಲೆ ಕಣ್ಣು, ಕೊನೆಗೆ ಕರೆಂಟು ನೋಡೋ ಮೀಟರು,” ಎನ್ನುತ್ತಾಳೆ ವೈರಕ್ಕ. ಇಲಿ ಹೊಕ್ಕ ಇಂಜಿನ್ನಿಗೆ ಒಂದು ಕಮಟು ವಾಸನೆ ಇರುತ್ತದೆ. ಬಾನೆಟ್ ಎತ್ತಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಇವತ್ತು ಮಾತ್ರ ಮೂಗು ಕೈಕೊಟ್ಟಿದೆ. ಮೊನ್ನೆ ಗ್ಯಾರೇಜಿನವರು ಏನೋ ಸ್ಪ್ರೇ ಹೊಡೆದು ಎಲ್ಲವನ್ನೂ ಲಕಲಕ ಒರೆಸಿಟ್ಟಿದ್ದಾರೆ. ಅದರ ಘಾಟು ಬಿಟ್ಟರೆ ಇನ್ನೇನೂ ಬಡಿಯುತ್ತಿಲ್ಲ.

ಈ ಕಾರಿನ ಕತೆ ಶುರುವಾದದ್ದು ಮೂರು ದಿನದ ಹಿಂದೆ. ಡ್ರೈವರನ ತಾಯಿಗೆ ಕಣ್ಣಿನ ಆಪರೇಷನ್ ನಿಗದಿಯಾಗಿತ್ತು. ಎರಡು ದಿನ ರಜಾ ಕೇಳಿದ. ಕ್ಲಿನಿಕ್ಕಿನಲ್ಲಿ ಆ ವಾರ ಪೂರ್ತಿ ರೋಗಿಗಳ ಸಾಲು, ಡಾಕ್ಟರಮ್ಮ ಆಗುವುದಿಲ್ಲವೆಂದರು. ಮಾತಿಗೆ ಮಾತು ಬೆಳೆಯಿತು. “ಗಾಡಿ ಕೆಟ್ಟು ನಿಂತ್ರಾದ್ರೂ ನಂಗೆ ರಜಾ ಸಿಗುತ್ತೇನೋ!” ಎಂದು ಅವನು ಸಿಟ್ಟಿನಲ್ಲಿ ಅಂದುಬಿಟ್ಟ. ಮಾರನೆಯ ಬೆಳಿಗ್ಗೆ ಕೀಲಿ ತಿರುಗಿಸಿದರೆ ಗಾಡಿ ತುಟಿಪಿಟಕ್ಕೆನ್ನಲಿಲ್ಲ. ಮಧ್ಯಾಹ್ನ ಗ್ಯಾರೇಜಿನಿಂದ ಒಬ್ಬ ಬಂದು ನೋಡಿ, ಅರ್ಧಕ್ಕೇ ಬಿಟ್ಟು ಹೋದ. ನಿನ್ನೆ ಸಂಜೆ ಇನ್ನೊಬ್ಬ ಬಂದವನು ಟಾರ್ಚು ಬಿಟ್ಟು ನೋಡಿ, “ಮೇಡಂ, ಯಾರೋ ಬೇಕಂತಲೇ ವೈರ್ ಕತ್ತರಿಸಿದಾರೆ” ಎಂದ. ಡಾಕ್ಟರಮ್ಮ ಆ ಕ್ಷಣವೇ ಡ್ರೈವರಿಗೆ ಫೋನ್ ಮಾಡಿದರು. ನಾಳೆಯಿಂದ ಬರುವುದು ಬೇಡ ಎಂದರು.

ಅವನು ಸೀದಾ ಬಂದದ್ದು ವೈರಕ್ಕನ ಮನೆಗೆ. ಟ್ಯಾಕ್ಸಿ ಓಡಿಸುವ ಗೆಳೆಯನೊಬ್ಬ ಅವಳ ಹೆಸರು ಹೇಳಿದ್ದನಂತೆ. ಬಾಗಿಲಲ್ಲೇ ನಿಂತು, “ಅಕ್ಕ, ನೀವೊಂದ್ಸಲ ನೋಡಿ ಸಾಕು. ಹದಿನಾಲ್ಕು ವರ್ಷ ತೊಳೆದು ಒರೆಸಿದ ಗಾಡಿ ಅದು. ನಾನು ಅದಕ್ಕೆ ಕತ್ತರಿ ಹಾಕ್ತೀನಾ?” ಎಂದು ಕೇಳಿದ. ಕೆಲಸ ಹೋಯಿತೆಂಬ ಚಿಂತೆಗಿಂತ ಹೆಸರು ಕೆಟ್ಟಿತಲ್ಲ ಎಂಬ ಸಂಕಟವೇ ಅವನ ಮುಖದಲ್ಲಿ ಹೆಚ್ಚಾಗಿತ್ತು ಎಂದು ವೈರಕ್ಕ ನೆನೆಯುತ್ತಾಳೆ.

ಅವಳು ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಡ್ರೈವರೇ ಹೇಳಿ ಕಳಿಸಿದ್ದು ಎಂಬುದನ್ನೂ ಮುಚ್ಚಿಡಲಿಲ್ಲ.

“ಅವನ ಪರ ಮಾತಾಡೋಕೆ ಬರ್ತಿದೀರಾ?” ಎಂದರು ಡಾಕ್ಟರಮ್ಮ.

“ನಾನು ಯಾರ ಪರಾನೂ ಅಲ್ಲ ಮೇಡಂ. ವೈರ್ ಏನು ಹೇಳುತ್ತೋ ಅದನ್ನೇ ಹೇಳ್ತೀನಿ.”

“ಸರಿ, ಹೇಗಿದ್ರೂ ಗಾಡಿ ರಿಪೇರಿ ಆಗ್ಬೇಕಲ್ಲ. ಬನ್ನಿ.”

ವೈರು ಏನು ಹೇಳುತ್ತದೆ ಎಂಬುದನ್ನು ವೈರಕ್ಕ ಕಲಿತದ್ದು ಗ್ಯಾರೇಜಿನಲ್ಲಲ್ಲ. ಕಾರುಗಳಿಗೆ ವೈರಿನ ಕಟ್ಟು ತಯಾರಿಸುವ ಕಾರ್ಖಾನೆಯಲ್ಲಿ ಅವಳು ಹನ್ನೊಂದು ವರ್ಷ ದುಡಿದವಳು. ಎದೆಯೆತ್ತರದ ಓರೆ ಹಲಗೆ, ಅದರ ತುಂಬ ಗೂಟಗಳು. ಗೂಟದಿಂದ ಗೂಟಕ್ಕೆ ಹಸಿರು, ಕೆಂಪು, ಹಳದಿ ಗೆರೆಯ ನೀಲಿ ಎಂದು ವೈರು ಎಳೆದು, ಕಟ್ಟಿ, ತುದಿಗೆ ಕ್ಲಿಪ್ಪು ಹಾಕಿ ಕಳಿಸಬೇಕು. ಒಂದು ಕಟ್ಟಿನಲ್ಲಿ ನೂರೈವತ್ತಕ್ಕೂ ಹೆಚ್ಚು ವೈರು. ಮುನ್ನೂರು ಹೆಂಗಸರು ದಿನವಿಡೀ ನಿಂತೇ ಮಾಡುತ್ತಿದ್ದ ಕೆಲಸ. “ಕಾಲು ಊದಿಕೊಳ್ತಿತ್ತು. ಆದ್ರೆ ಬಾಯಿಗೆ ಮಾತ್ರ ರಜಾ ಇರ್ಲಿಲ್ಲ. ಎಷ್ಟು ಮದುವೆ ಮಾತುಕತೆ ಆ ಹಲಗೆ ಮುಂದೇನೇ ಮುಗಿದ್ವೋ!” ಎಂದು ನಗುತ್ತಾಳೆ.

ಒಂದು ಸೋಮವಾರ ಗೇಟಿಗೆ ಬೀಗ. ಯಂತ್ರಗಳನ್ನು ಬೇರೆ ಊರಿಗೆ ಸಾಗಿಸಿದ್ದರು. ಹೆಂಗಸರೆಲ್ಲ ದಿಕ್ಕಿಗೊಬ್ಬರಾದರು. ವೈರಕ್ಕ ಮನೆಯಲ್ಲಿ ಕೂತಳು. ಕೂತಳು ಎಂದರೆ ಸುಮ್ಮನೆ ಕೂರಲಿಲ್ಲ. ಕೈ ತುರಿಸಿ ಮನೆಯ ಫ್ಯಾನು ಬಿಚ್ಚಿದಳು, ರೇಡಿಯೋ ಬಿಚ್ಚಿದಳು, ಇಸ್ತ್ರಿಪೆಟ್ಟಿಗೆ ಬಿಚ್ಚಿದಳು. ಅತ್ತೆಗೆ ತಲೆ ಕೆಟ್ಟುಹೋಯಿತು. “ಇನ್ನು ನನ್ನ ಹಲ್ಲಿನ ಸೆಟ್ಟು ಒಂದು ಬಿಚ್ಚೋಕೆ ಉಳಿದಿದೆ. ಹೊರಗೆ ಹೋಗಿ ಯಾರದಾದ್ರೂ ಬಿಚ್ಚು ತಾಯಿ, ಮಗೂನ ನಾನು ನೋಡ್ಕೋತೀನಿ,” ಎಂದರಂತೆ ಅತ್ತೆ. ಅದನ್ನು ಸೊಸೆ ಬೈಗುಳ ಎಂದುಕೊಳ್ಳಲಿಲ್ಲ. ಮಾರನೆಯ ದಿನವೇ ಹೊರಬಿದ್ದಳು.

ಐದು ಗ್ಯಾರೇಜು ಹತ್ತಿ ಇಳಿದಳು. ಒಬ್ಬರು, “ಗಾಡಿ ಎಲ್ಲಮ್ಮಾ, ಡ್ರೈವರ್ ಎಲ್ಲಿ?” ಎಂದರು. ಇನ್ನೊಬ್ಬರು ಲೆಕ್ಕ ಬರೆಯುವ ಕೆಲಸಕ್ಕೆ ಬಂದವಳೆಂದುಕೊಂಡು ಕುರ್ಚಿ ಕೊಟ್ಟರು. ಆರನೆಯ ಗ್ಯಾರೇಜಿನ ಮುಂದೆ ಇಲಿ ಕಡಿದ ಟ್ಯಾಕ್ಸಿಯೊಂದು ಎರಡು ವಾರದಿಂದ ಧೂಳು ತಿನ್ನುತ್ತ ನಿಂತಿತ್ತು. ಇಡೀ ವೈರಿನ ಕಟ್ಟನ್ನೇ ಬದಲಾಯಿಸಬೇಕು, ಅದು ಬರುವುದು ತಿಂಗಳಾಗುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದ. ವೈರಕ್ಕ ಇಣುಕಿ ನೋಡಿದಳು. ತಾನೇ ಕಟ್ಟುತ್ತಿದ್ದ ಕಟ್ಟು! ಯಾವ ಬಣ್ಣ ಎಲ್ಲಿಂದ ಎಲ್ಲಿಗೆ ಎಂಬುದು ಅವಳಿಗೆ ಬಾಯಿಪಾಠ. ಸಂಜೆಯೊಳಗೆ ಟ್ಯಾಕ್ಸಿ ಗುರ್ರೆಂದಿತು. ಮೇಸ್ತ್ರಿ ತಲೆ ಕೆರೆದುಕೊಂಡು, “ಇವಳೆಲ್ಲಿದ್ಲಪ್ಪ ಇಷ್ಟು ದಿನ?” ಎಂದ. ಇದು ಆರು ವರ್ಷದ ಹಿಂದಿನ ಮಾತು. ಆಮೇಲೆ ಎರಡು ಸಾವಿರಕ್ಕೂ ಮೀರಿ ಬಾನೆಟ್ ಎತ್ತಿದ್ದಾಳೆ. ಚಳಿಗಾಲದಲ್ಲಿ ದಿನಕ್ಕೆ ಮೂರು, ಉಳಿದಂತೆ ಒಂದೋ ಎರಡೋ. ಒಮ್ಮೆ ಗೂಡಿನಲ್ಲಿದ್ದ ಇಲಿ ಬೆರಳಿಗೇ ಬಾಯಿ ಹಾಕಿ ಸೂಜಿ ಮೇಲೆ ಸೂಜಿ ಹಾಕಿಸಿಕೊಳ್ಳಬೇಕಾಯಿತು. ಬೆಸುಗೆಯ ಹೊಗೆಗೆ ಕಣ್ಣು ಸದಾ ಉರಿಯುತ್ತದೆ. ಸೊಂಟದ ಬಗ್ಗೆ ಕೇಳುವುದೇ ಬೇಡ ಎನ್ನುತ್ತಾಳೆ.

ಪೋರ್ಟಿಕೋದಲ್ಲಿ ಈಗ ವೈರಕ್ಕನ ಟಾರ್ಚು ಒಂದೇ ಕಡೆ ನಿಂತಿದೆ. ಬೆಳಕಿನಲ್ಲಿ ಎಂಟು ವೈರಿನ ತುದಿಗಳು. ಎಂಟೂ ನೆಟ್ಟಗೆ, ಚೊಕ್ಕವಾಗಿ, ಕಟರಿನಿಂದ ಕತ್ತರಿಸಿದ ಹಾಗಿವೆ. ಇಲಿ ಕಡಿದರೆ ಹೀಗಿರುವುದಿಲ್ಲ; ಸಿಪ್ಪೆ ಸುಲಿದು, ಕೆರೆದು, ತಾಮ್ರದ ಎಳೆ ಕೆದರಿರುತ್ತದೆ. ಬಗ್ಗಿದಲ್ಲಿಂದಲೇ ಕಣ್ಣು ಗೇಟಿನ ಕಡೆ ಹೋಯಿತು. ‘ಸಿಟ್ಟಲ್ಲಿ ಇವನೇ ಏನಾದ್ರೂ…’ ಎಂಬ ಯೋಚನೆ ಬಂದೇಬಿಟ್ಟಿತು. ವೈರು ಹೇಳಿದ್ದನ್ನೇ ಹೇಳುತ್ತೇನೆ ಎಂದು ಮಾತು ಕೊಟ್ಟವಳು ಅವಳೇ. ಅಲ್ಲಿ ನಿಂತವನ ಮುಖ ನೋಡಿ ಅದನ್ನು ಹೇಗೆ ಹೇಳುವುದು?

ಅವಳು ತುದಿಗಳನ್ನು ಎದುರುಬದುರು ಹಿಡಿದು ನೋಡಿದಳು. ಒಂದಕ್ಕೊಂದು ಮುಟ್ಟುತ್ತಿಲ್ಲ. ನಡುವೆ ಎರಡೆರಡು ಅಂಗುಲ ಕಡಿಮೆ. ಕತ್ತರಿಯಲ್ಲಿ ಒಂದೇ ಸಲ ಕಚಕ್ಕೆನಿಸಿದ್ದರೆ ಎರಡು ತುದಿಯೂ ಕೂಡಬೇಕಿತ್ತಲ್ಲ? ಹಾಗಾದರೆ ನಡುವಿನ ತುಂಡು ಎಲ್ಲಿ ಹೋಯಿತು?

ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಮಲಗಿದಳು. ಇಂಜಿನ್ನಿನ ತಳಕ್ಕೆ ಹಾಕಿದ ಪ್ಲಾಸ್ಟಿಕ್ ತಟ್ಟೆಯ ಸ್ಕ್ರೂ ಬಿಚ್ಚಿ ನಿಧಾನವಾಗಿ ಇಳಿಸಿದಳು. ಎಲೆ, ಮಣ್ಣು, ಒಂದು ಪೆನ್ನಿನ ಮುಚ್ಚಳ. ಅವುಗಳ ನಡುವೆ ಬಣ್ಣಬಣ್ಣದ ಚಿಕ್ಕ ಚಿಕ್ಕ ವೈರಿನ ತುಂಡುಗಳು. ಆರಿಸಿ ಅಂಗೈ ಮೇಲಿಟ್ಟುಕೊಂಡಳು. ಒಂದೊಂದು ತುಂಡಿಗೂ ಒಂದು ತುದಿ ಚೊಕ್ಕ, ಇನ್ನೊಂದು ತುದಿ ಜಗಿದ ಹಾಗೆ ಚಿಂದಿ.

“ಅಬ್ಬಾ!” ಎಂದಳು ವೈರಕ್ಕ, ಕಾರಿನ ಕೆಳಗಿನಿಂದಲೇ. ಅವಳು ಇಷ್ಟು ಜೋರಾಗಿ ಉಸಿರುಬಿಟ್ಟದ್ದು ಗೇಟಿನವರೆಗೂ ಕೇಳಿರಬೇಕು. ಡ್ರೈವರ್ ಕತ್ತು ಉದ್ದ ಮಾಡಿದ.

ಆದದ್ದು ಇಷ್ಟು. ಮೊನ್ನೆ ಮಧ್ಯಾಹ್ನ ಬಂದ ಮೊದಲನೆಯ ಮೆಕ್ಯಾನಿಕ್ ಕಡಿದ ವೈರು ಕಂಡು, ಜೋಡಿಸಲು ಅನುಕೂಲವಾಗಲೆಂದು ಹಾಳಾದ ತುದಿಗಳನ್ನು ಕಟರಿನಿಂದ ಕತ್ತರಿಸಿ, ಜಾಗ ಒರೆಸಿ, ಸಾಮಾನು ಸಾಲದೆ, ಇಲಿಯ ವಿಷಯ ಯಾರಿಗೂ ಹೇಳದೆ ಹೊರಟುಹೋಗಿದ್ದ. ನಿನ್ನೆ ಬಂದ ಎರಡನೆಯವನಿಗೆ ಇದೇನೂ ಗೊತ್ತಿಲ್ಲ. ಕಂಡದ್ದು ಬರೀ ಕತ್ತರಿಸಿದ ತುದಿ. “ಇಬ್ಬರದೂ ಮೋಸ ಅಲ್ಲ. ಮೊದಲನೆಯವರು ಸರಿಯಾಗೇ ಮಾಡಿದ್ರು. ಎರಡನೆಯವರು ಬ್ಯಾಟರಿ ಎತ್ತಿ ನೋಡಿದ್ರೆ ಮುಗೀತಿತ್ತು,” ಎನ್ನುತ್ತಾಳೆ ವೈರಕ್ಕ. ಅವಳು ಬ್ಯಾಟರಿ ಎತ್ತಿದಳು. ಕೆಳಗೆ ತೆಂಗಿನಕಾಯಿ ಗಾತ್ರದ ಗೂಡು. ಬಾನೆಟ್ಟಿನ ಒಳಗಿನ ಉಣ್ಣೆಯಂಥ ಹೊದಿಕೆಯ ಚೂರು, ಕಾಗದ, ಹಿಡಿಗಟ್ಟಲೆ ಕಾಳಿನ ಸಿಪ್ಪೆ. ಇಲಿ ಮಾತ್ರ ಪರಾರಿ.

ವೈರಕ್ಕ ಬಾಗಿಲು ತಟ್ಟಿದಳು. ಡಾಕ್ಟರಮ್ಮ ಕಾಫಿ ಲೋಟ ಹಿಡಿದೇ ಹೊರಬಂದರು.

“ಮೇಡಂ, ಹಲ್ಲಿನ ವಿಷಯದಲ್ಲಿ ನಿಮಗೆ ನಾನು ಹೇಳೋದೇನಿದೆ? ನೀವೇ ನೋಡಿ,” ಎಂದು ಅಂಗೈ ಚಾಚಿದಳು.

ಡಾಕ್ಟರಮ್ಮ ಲೋಟವನ್ನು ಕಟ್ಟೆಯ ಮೇಲಿಟ್ಟು ಕನ್ನಡಕ ಸರಿಮಾಡಿಕೊಂಡರು. ಒಳಗೆ ಹೋಗಿ ಭೂತಗನ್ನಡಿ ತಂದರು. ಹಸಿರು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ನುಣ್ಣನೆಯ ಸಿಪ್ಪೆಯ ಮೇಲೆ ಅಕ್ಕಪಕ್ಕ ಎರಡು ಗೀರು, ಅದರ ಬೆನ್ನಿಗೆ ಇನ್ನೆರಡು.

“ಮೇಲಿನವೆರಡು… ಕೆಳಗಿನವೆರಡು,” ಎಂದರು ತಮಗೇ ಹೇಳಿಕೊಂಡಂತೆ. “ಜೀವನವೆಲ್ಲಾ ಹಲ್ಲು ನೋಡಿದೀನಿ. ನನ್ನ ಗಾಡೀಲಿ ಯಾರ ಹಲ್ಲಿದೆ ಅಂತ ನೋಡ್ಲಿಲ್ಲವಲ್ರೀ.”

ಆಮೇಲೆ ವೈರಕ್ಕ ಕಾಳಿನ ಸಿಪ್ಪೆ ತೋರಿಸಿದಳು. ದಿನಾ ಬೆಳಿಗ್ಗೆ ಹಕ್ಕಿಗಳಿಗೆಂದು ಇದೇ ಪೋರ್ಟಿಕೋದ ಅಂಚಿಗೆ ಕಾಳು ಚೆಲ್ಲುವವರು ಡಾಕ್ಟರಮ್ಮನೇ. ಹಕ್ಕಿ ಬಿಟ್ಟದ್ದು ಇಲಿಗೆ ಊಟ. ಊಟ ಆದ ಮೇಲೆ ಬೆಚ್ಚಗೆ ಮಲಗಲು ಪಕ್ಕದಲ್ಲೇ ಇಂಜಿನ್ನು. ಡಾಕ್ಟರಮ್ಮನ ಮುಖ ಸಣ್ಣದಾಯಿತು. ಬರಿಗಾಲಲ್ಲೇ ಹೋಗಿ ಗೇಟಿನ ಅಗುಳಿ ತೆಗೆದರು.

“ಒಳಗೆ ಬಾಪ್ಪ. ನನ್ನಿಂದ ದೊಡ್ಡ ತಪ್ಪಾಯ್ತು.”

ಡ್ರೈವರ್ ಒಳಗೆ ಬಂದವನು ಮೆಟ್ಟಿಲ ಮೇಲೆ ಕೂತ. ಎರಡು ಕೈಯಿಂದಲೂ ಮುಖ ಒರೆಸಿಕೊಂಡು, “ಉಸ್ಸಪ್ಪಾ… ರಾತ್ರಿಯಿಂದ ನೀರೂ ಇಳಿದಿಲ್ಲ ಮೇಡಂ,” ಎಂದ. ಸ್ವಲ್ಪ ಹೊತ್ತಿಗೆ, “ನಾನೂ ಆ ಮಾತು ಆಡಬಾರದಿತ್ತು,” ಎಂದೂ ಸೇರಿಸಿದ.

“ಆಡುವ ಹಾಗೆ ಮಾಡಿದ್ದು ನಾನೇ. ಅಮ್ಮನ ಆಪರೇಷನ್ ಯಾವತ್ತು?”

“ಗುರುವಾರ.”

“ಇದೇ ಗಾಡೀಲಿ ಕರ್ಕೊಂಡು ಹೋಗು. ಎರಡಲ್ಲ, ನಾಲ್ಕು ದಿನ ಇರು ಅವರ ಜೊತೆ. ನಾನು ಬಸ್ಸಲ್ಲಿ ಹೋದ್ರೆ ನನ್ನ ಕಿರೀಟ ಏನೂ ಬಿದ್ದುಹೋಗಲ್ಲ.”

“ಮೊದಲು ಗಾಡಿ ಎದ್ದು ನಿಲ್ಲಲಿ ಮೇಡಂ,” ಎಂದಳು ವೈರಕ್ಕ. ಆಗ ಮೂವರೂ ನಕ್ಕರು.

ಮೇಲೆ ಕಂಡ ಎಂಟರ ಜೊತೆಗೆ ಬ್ಯಾಟರಿಯ ಕೆಳಗೆ ಕಡಿದವನ್ನೂ ಎಣಿಸಿದರೆ ಒಟ್ಟು ಇಪ್ಪತ್ತೇಳು ವೈರು. ಒಂದೊಂದಕ್ಕೂ ಮೊದಲು ರಬ್ಬರಿನಂಥ ಸಣ್ಣ ಕೊಳವೆ ಪೋಣಿಸಿ, ಅದೇ ಬಣ್ಣದ ತುಂಡು ಸೇರಿಸಿ, ಎಳೆಗೆ ಎಳೆ ಹೊಸೆದು ಬೆಸುಗೆ ಹಾಕಬೇಕು. ಆಮೇಲೆ ಕೊಳವೆಯನ್ನು ಬೆಸುಗೆಯ ಮೇಲೆ ಜಾರಿಸಿ ಬಿಸಿಗಾಳಿ ಕೊಟ್ಟರೆ ಅದು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಬರೀ ಟೇಪು ಸುತ್ತಿ ಕೈತೊಳೆದುಕೊಳ್ಳುವವರನ್ನು ಕಂಡರೆ ವೈರಕ್ಕನಿಗಾಗುವುದಿಲ್ಲ. “ಟೇಪು ಸುತ್ತಿದ್ರೆ ಆರು ತಿಂಗಳು. ಆಮೇಲೆ ನಡುರಸ್ತೇಲಿ ನಿಲ್ಲುತ್ತೆ. ಒಳಗಿರೋರು ಯಾರೋ, ಎಲ್ಲಿಗೆ ಹೊರಟಿರ್ತಾರೋ.” ಡ್ರೈವರ್ ಪಕ್ಕದಲ್ಲೇ ನಿಂತು ಕೇಳಿದ ಬಣ್ಣದ ವೈರು ಎತ್ತಿಕೊಡುತ್ತಿದ್ದಾನೆ. ಡಾಕ್ಟರಮ್ಮ ಪೊರಕೆ ಹಿಡಿದು ತಾವೇ ಕಾಳು ಗುಡಿಸಿ, ಹಿತ್ತಲ ಗೋಡೆಯ ಮೇಲೆ ತಟ್ಟೆಯಿಟ್ಟು ಬಂದರು.

ಹನ್ನೆರಡೂವರೆಗೆ ಕೀಲಿ ತಿರುಗಿತು. ಇಂಜಿನ್ ಒಂದು ಸಲ ಕೆಮ್ಮಿತು, ಎರಡನೆಯ ಸಲಕ್ಕೆ ಹಿಡಿದುಕೊಂಡಿತು. ಡ್ರೈವರ್ ಸೀಟಿನಲ್ಲಿ ಕಣ್ಣುಮುಚ್ಚಿ ಕೂತು ಆ ಸದ್ದನ್ನು ಕೇಳುತ್ತಿದ್ದ. ಡಾಕ್ಟರಮ್ಮ ಎಲ್ಲರಿಗೂ ಊಟ ಬಡಿಸಿದರು. ಗ್ಯಾರೇಜಿಗೂ ಅವರೇ ಫೋನ್ ಮಾಡಿ, ಬೇಕಂತ ಕತ್ತರಿಸಿದವರು ಯಾರೂ ಇಲ್ಲ ಎಂದು ಹೇಳಿದರು. ಅದನ್ನು ಡ್ರೈವರನ ಎದುರಿಗೇ, ಅವನಿಗೆ ಕೇಳುವ ಹಾಗೆ ಹೇಳಿದ್ದು ವೈರಕ್ಕನಿಗೆ ಬಹಳ ಹಿಡಿಸಿತು.

ಸಾಮಾನು ಡಬ್ಬಿಗೆ ತುಂಬಿಕೊಳ್ಳುವಾಗ ವೈರಕ್ಕನ ಮೊಣಕೈವರೆಗೂ ಗೀರುಗಳು ಕಾಣುತ್ತವೆ, ಕೆಲವು ಹಳೆಯವು, ಕೆಲವು ಇವತ್ತಿನವು. ಇಷ್ಟೆಲ್ಲ ಮಾಡಿದ ಮೇಲೆ ಅವಳಿಗೆ ಬೇಕಾದದ್ದೇನು ಎಂದು ಕೇಳಿದರೆ, ಯೋಚಿಸಿ, ನಾಚಿಕೊಂಡು ಹೇಳುತ್ತಾಳೆ:

“ಕಾರಿನ ನಕ್ಷೆ ಬರೀತಾರಲ್ಲ ಇಂಜಿನಿಯರುಗಳು, ಅವರು ಬ್ಯಾಟರಿ ಪಕ್ಕದಲ್ಲಿ ಒಂದು ಕೈ ಹೋಗೋವಷ್ಟು ಜಾಗ ಬಿಟ್ರೆ ಸಾಕು. ನನಗಂತಲ್ಲ, ನನ್ನ ಕೈ ಹೇಗೋ ತೂರುತ್ತೆ. ದಪ್ಪ ಕೈಯವರೂ ಈ ಕೆಲಸಕ್ಕೆ ಬರಬೇಕಲ್ಲ?”